ಉದ್ದಣ್ಣನ ಕೋಟಿಗೆ ರಫೂ ಹಾಕಿದವರು

ಆ ಕೋಟನ್ನು ಸುಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಗಿರಣಿಯವರನ್ನೆಲ್ಲ ಬೈಯುವಾಗ, ಇವಳೇನು ಮಹಾ ಸಾಚಾ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ.

ನಮ್ಮ ಬಟ್ಟೆ ಗಿರಣಿಗೆ ಬೀಗ ಬಿದ್ದು ನಾಲ್ಕು ವರ್ಷವಾಯಿತು. ಕಾರ್ಮಿಕ ಸಂಘದ ಮುಂದಾಳಾಗಿದ್ದ ಮೇಸ್ತ್ರಿ ತೀರಿಹೋದರು, ಅತ್ತಿಗೆಯೂ ಹೋದರು. ಮೊನ್ನೆ ಸಂಘದ ಹಳಬರು ಸೇರಿ ಒಂದು ನೆನಪಿನ ಪುಸ್ತಕ ಮಾಡಿದರು. ಅದರಲ್ಲಿ ಅತ್ತಿಗೆಯ ಪಾಲಿಗೆ ಬಂದದ್ದು ಒಂದೇ ಸಾಲು: ರಫೂ ಕೆಲಸದಲ್ಲಿ ನಿಪುಣೆ, ಮಿತಭಾಷಿ. ಓದಿ ಮೈಯೆಲ್ಲ ಉರಿದುಹೋಯಿತು. ಮಿತಭಾಷಿಯಂತೆ. ಆಕೆ ಯಾಕೆ ಬಾಯಿ ಮುಚ್ಚಿಕೊಂಡಿದ್ದರು ಎಂಬುದು ಗೊತ್ತಿದ್ದರೆ ಇವರು ಆ ಪದವನ್ನು ಅಚ್ಚುಹಾಕುವ ಮುಂಚೆ ನಾಲ್ಕು ಸಲ ಯೋಚಿಸುತ್ತಿದ್ದರು. ಈಗ ಹೇಳಿದರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ನನ್ನ ಇಸ್ತ್ರಿ ಮೇಜು. ಒಳಗೆ, ಕಿಟಕಿಯ ಕೆಳಗೆ, ಅವರ ರಫೂ ಕೆಲಸ. ಮದುವೆ ಮುರಿದುಕೊಂಡು ನಾನು ಗಂಟುಮೂಟೆ ಸಮೇತ ಬಂದು ನಿಂತ ದಿನ ಆಕೆ ಕೇಳಿದ್ದು ಒಂದೇ, ಊಟ ಆಯ್ತಾ ಎಂದು. ಆಮೇಲೂ ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಎಂದು ಒಂದು ಮಾತು ಕೇಳಿದವರಲ್ಲ. ನಾನೋ, ಬೆಳಗಿನಿಂದ ಸಂಜೆಯವರೆಗೆ ಬೀದಿಗೆಲ್ಲ ಕೇಳುವಂತೆ ಮಾತಾಡುವವಳು. ನಮ್ಮಿಬ್ಬರನ್ನು ನೋಡಿ ಅಣ್ಣ, ಈ ಮನೆಗೆ ಒಂದು ರೇಡಿಯೋ ಸಾಕು ಬಿಡು ಎಂದು ನಗುತ್ತಿದ್ದ.

ಅವರ ರಫೂ ನೋಡಬೇಕಿತ್ತು ನೀವು. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಚ್ಚಿ, ತೂತಿನ ಮೇಲೆ ಉದ್ದಕ್ಕೊಂದು ಅಡ್ಡಕ್ಕೊಂದು ಹೆಣೆದರೆ, ತೂತು ಎಲ್ಲಿತ್ತು ಎಂದು ಬಟ್ಟೆಯ ಯಜಮಾನನಿಗೇ ತಿಳಿಯುತ್ತಿರಲಿಲ್ಲ. ಗಿರಣಿಯಲ್ಲಿ ನೇಯ್ದ ಥಾನುಗಳಲ್ಲಿ ಎಳೆ ತಪ್ಪಿದ ಕಡೆ ಸರಿಮಾಡುವ ವಿಭಾಗದಲ್ಲಿ ಆರು ವರ್ಷ ದುಡಿದವರು. ಮಗಳು ಹುಟ್ಟಿದ ಮೇಲೆ ಮನೆಯಲ್ಲೇ ಕೂತರು.

ಇನ್ನು ಉದ್ದಣ್ಣ. ಅವನನ್ನು ನಾನು ನೋಡಿದವಳಲ್ಲ, ಅತ್ತಿಗೆ ನೋಡಿದ್ದರು. ಆರಡಿಯ ಮೇಲೂ ನಾಲ್ಕು ಬೆರಳು ಎತ್ತರದ, ಹಿಂದೆ ಮುಂದೆ ಯಾರೂ ಇಲ್ಲದ, ಗಿರಣಿಯ ಕೊಠಡಿಯಲ್ಲೇ ಮಲಗುತ್ತಿದ್ದ ಆಳು. ಅರಳೆ ಗೋದಾಮಿಗೆ ಬೆಂಕಿ ಬಿದ್ದ ದಿನ ಎಲ್ಲರೂ ಹೊರಗೆ ಓಡುತ್ತಿದ್ದಾಗ ಇವನು ಒಳಗೆ ಓಡಿದ. ಎರಡು ಸಲ ಹೋಗಿ ನಾಲ್ಕು ಜನರನ್ನು ತಂದ. ನಾಲ್ಕನೆಯವಳು ಕಸ ಗುಡಿಸುವ ಮುದುಕಿ; ಅವಳಿಗೆ ತನ್ನ ಕೋಟು ಸುತ್ತಿ ಹೊರಗೆ ತಳ್ಳಿ ಮತ್ತೆ ಒಳಗೆ ಹೋದವನು ಬರಲಿಲ್ಲ. ಅಂಗಳದಲ್ಲಿ ನಿಂತು ಅತ್ತಿಗೆ ಇದಿಷ್ಟನ್ನೂ ಕಣ್ಣಾರೆ ಕಂಡಿದ್ದರು. ನಾನು ಈ ಓಣಿಗೆ ಬರುವ ಹೊತ್ತಿಗೆ ಅದು ಏಳು ಸಲ, ಹನ್ನೊಂದು ಜನ ಆಗಿತ್ತು. ನೀವು ಎಣಿಸಿದ್ದೀರಲ್ಲ, ಹೇಳಬಾರದೇ ಎಂದರೆ, ಅವನು ಬದುಕಿದ್ದರೆ ಇನ್ನೂ ಐದು ಸಲ ಹೋಗುತ್ತಿದ್ದ, ಬಿಡು ಎನ್ನುತ್ತಿದ್ದರು.

ಆ ಗಿರಣಿಗೆ ಜನ ಎಲ್ಲೆಲ್ಲಿಂದಲೋ ಬಂದವರು. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದು, ಒಬ್ಬರ ಊಟ ಒಬ್ಬರಿಗೆ ಸೇರದು. ಮೇಲಿನ ಓಣಿಯವರಿಗೆ ಒಂದು ನಲ್ಲಿ, ಕೆಳಗಿನ ಓಣಿಯವರಿಗೆ ಇನ್ನೊಂದು. ಬಿಂದಿಗೆ ತಪ್ಪಿ ಆ ಕಡೆ ಇಟ್ಟರೆ ತಲೆ ಒಡೆಯುವ ತನಕ ಹೋಗುತ್ತಿತ್ತು. ಆದರೆ ಉದ್ದಣ್ಣ ಎಲ್ಲರಿಗೂ ಬೇಕು. ಅವನು ಎಲ್ಲಿಂದ ಬಂದವನೆಂದು ಯಾರಿಗೂ ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ಮೇಲಿನವರು ನಮ್ಮ ಅಜ್ಜಿಯ ತವರಿನ ಕಡೆಯವನು ಎಂದರು, ಕೆಳಗಿನವರು ಅವನ ಮಾತಿನ ಧಾಟಿ ನಮ್ಮದೇ ಎಂದರು. ಅಂತೂ ಅವನ ವಿಷಯದಲ್ಲಿ ಮಾತ್ರ ಎಲ್ಲರೂ ಬಂಧುಗಳು.

ಬೆಂಕಿ ಬಿದ್ದ ಆ ತಾರೀಖಿನಂದು, ಪ್ರತಿವರ್ಷ ಬೆಳಗಿನ ಪಾಳಿಗೆ ಮುಂಚೆ, ಸಂಘದ ಕೊಠಡಿಯಲ್ಲಿ ಆ ವರ್ಷ ಸೇರಿದ ಹೊಸಬರಿಗೆ ಉದ್ದಣ್ಣನ ಕೋಟು ತೊಡಿಸುತ್ತಿದ್ದರು. ಒಬ್ಬೊಬ್ಬರಾಗಿ ತೊಟ್ಟು, 'ಒಬ್ಬರನ್ನೂ ಒಳಗೆ ಬಿಟ್ಟು ಬರುವುದಿಲ್ಲ' ಎಂದು ಮಾತು ಕೊಡಬೇಕು. ಎಲ್ಲರದೂ ಮುಗಿದ ಮೇಲೆ ಇಡೀ ಕೊಠಡಿ ಒಂದೇ ಗಂಟಲಲ್ಲಿ ಉದ್ದಣ್ಣ ಎಂದು ಕೂಗಬೇಕು. ಅಷ್ಟೇ. ಹಾರವಿಲ್ಲ, ಭಾಷಣವಿಲ್ಲ. ಆದರೆ ಕೋಟು ತೊಡದವರ ಜೊತೆ ಯಂತ್ರದ ಮುಂದೆ ಯಾರೂ ಜೋಡಿಯಾಗಿ ನಿಲ್ಲುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಕೋಟು ತೊಡದವರು ಹೊತ್ತು ಬಂದರೆ ಓಡಿಹೋಗುವವರು.

ಅಷ್ಟು ಭುಜ ಏರಿ ಇಳಿದರೆ ಯಾವ ಕೋಟು ತಾಳುತ್ತದೆ? ವರ್ಷಕ್ಕೊಮ್ಮೆ ಅದು ಒಗೆತಕ್ಕೆ, ಇಸ್ತ್ರಿಗೆ, ರಫೂಗೆ ನಮ್ಮ ಮನೆಗೆ ಬರುತ್ತಿತ್ತು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅತ್ತಿಗೆಯಷ್ಟು ನಾಜೂಕಿನ ಕೈ ಇನ್ನಾರಿಗೂ ಇರಲಿಲ್ಲವಲ್ಲ. ಅಣ್ಣನ ವಿಷಯವಾದ ಮೇಲೂ ನಮ್ಮಲ್ಲಿಗೇ ತರುತ್ತಿದ್ದರು. ಮನೆಯೊಳಗೆ ಕಾಲಿಡುತ್ತಿರಲಿಲ್ಲ, ನನ್ನ ಮೇಜಿನ ಮೇಲೆ ಇಟ್ಟು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಅಣ್ಣನ ವಿಷಯ ಇಷ್ಟೇ. ಬೆಂಕಿ ಬಿದ್ದ ಆರು ವರ್ಷಕ್ಕೆ ದೊಡ್ಡ ಮುಷ್ಕರವಾಯಿತು. ನಲವತ್ತಮೂರು ದಿನ ಯಾರೂ ಒಳಗೆ ಹೋಗಲಿಲ್ಲ. ಅಣ್ಣನೂ ಮೂವತ್ತು ದಿನ ಎಲ್ಲರ ಜೊತೆ ಗೇಟಿನ ಮುಂದೆ ಕೂತವನೇ. ಆಗ ಮಗು ಮೂರು ತಿಂಗಳ ಕೂಸು. ಎದೆ ಕಟ್ಟಿ ಉಸಿರು ಸಿಗದೆ ತುಟಿ ನೀಲಿಯಾಗತೊಡಗಿತು. ಆ ಭಾಗಕ್ಕೆಲ್ಲ ಇದ್ದದ್ದು ಗಿರಣಿಯ ಒಂದೇ ಔಷಧಾಲಯ, ಅದರೊಳಗೆ ಬಿಡುತ್ತಿದ್ದದ್ದು ಆ ದಿನ ಹಾಜರಿ ಹಾಕಿದವರನ್ನು ಮಾತ್ರ. ಮೂವತ್ತೊಂದನೆಯ ದಿನ ಅಣ್ಣ ಕೂಸನ್ನು ಎದೆಗವಚಿಕೊಂಡು ಗೇಟು ದಾಟಿದ. ಹಾಜರಿ ಹಾಕಿದ, ಔಷಧಿ ತಂದ. ಕೂಸು ಉಳಿಯಿತು.

ಅವನು ಉಳಿಯಲಿಲ್ಲ. ಉಸಿರಾಡುತ್ತಿದ್ದ, ಅಷ್ಟೇ. ಮುಷ್ಕರ ಮುಗಿದ ಮೇಲೆ ನಮ್ಮ ಮನೆಯವರು ಸಂಘದ ಹೊಸ್ತಿಲು ತುಳಿಯಬಾರದೆಂದು ತೀರ್ಮಾನವಾಯಿತು. ಊಟದ ಹೊತ್ತಿಗೆ ಅವನು ಕೂತ ಬೆಂಚು ಖಾಲಿಯಾಗುತ್ತಿತ್ತು. ನಾಲ್ಕು ವರ್ಷ ಹಾಗೆ ನಡೆದಾಡಿ, ಎದೆಗೆ ಹತ್ತಿಯ ಧೂಳು ಕಟ್ಟಿ ಸತ್ತ. ಹೆಗಲು ಕೊಡಲು ನಾಲ್ಕು ಜನ ಬರಲಿಲ್ಲ. ನಾನು, ಅತ್ತಿಗೆ, ಪಕ್ಕದ ಬೀದಿಯ ತಳ್ಳುಗಾಡಿಯವನು. ಆ ಗಾಡಿಯ ಚಕ್ರ ಕಿರುಗುಟ್ಟಿದ್ದು ಈಗಲೂ ನೆನಪಾದರೆ ಯಾರನ್ನಾದರೂ ಹಿಡಿದು ಬಾರಿಸೋಣ ಅನ್ನಿಸುತ್ತದೆ.

ಅದೇ ವರ್ಷ ಕೋಟು ಬಂತು. ಅತ್ತಿಗೆ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ನಾನು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಕೋಟಿನ ಬೆನ್ನ ಮೇಲೆ ಇಟ್ಟೆ. ಅಷ್ಟರಲ್ಲಿ ಬೀದಿಯಲ್ಲಿ ಯಾವಳೋ ಅಣ್ಣನ ವಿಷಯ ಎತ್ತಿದಳು. ಕೇಳಿಸಿಕೊಂಡು ಸುಮ್ಮನಿರುವ ಬಾಯಿಯೇ ನನ್ನದು? ಹೊರಗೆ ಹೋಗಿ ಅವಳ ಜನ್ಮ ಜಾಲಾಡಿ ಬಂದೆ. ಬಂದು ನೋಡಿದರೆ ಹೊಗೆ. ಹತ್ತು ವರ್ಷದ ಹಳೆಯ ಬಟ್ಟೆ, ಮೊದಲೇ ಒಮ್ಮೆ ಬೆಂಕಿ ಕಂಡದ್ದು. ಪೆಟ್ಟಿಗೆ ಎತ್ತಿದರೆ ಇಡೀ ಬೆನ್ನು ಒಣಗಿದ ಎಲೆಯಂತೆ ಪುಡಿಪುಡಿಯಾಗಿ ಎದ್ದುಬಂತು.

ಮೊದಲೇ ದ್ರೋಹಿಯ ಮನೆ. ಉದ್ದಣ್ಣನ ಕೋಟನ್ನೂ ಸುಟ್ಟರು ಎಂದಾದರೆ ನಾವು ಓಣಿ ಬಿಡಬೇಕು. ಅತ್ತಿಗೆ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ವಲ್ಪ ಹೊತ್ತು ಆ ಚೂರುಗಳನ್ನು ಬೆರಳಲ್ಲಿ ತಡವುತ್ತ ಕೂತಿದ್ದು, ಎದ್ದು ಹೋಗಿ ಟ್ರಂಕು ತೆರೆದು ಅಣ್ಣನ ಕೋಟು ತಂದರು.

ಗಿರಣಿಯವರು ಎಲ್ಲರಿಗೂ ಕೊಡುತ್ತಿದ್ದದ್ದು ಒಂದೇ ನೀಲಿ ಕೋಟು, ಒಂದೇ ಗುಂಡಿ, ಒಂದೇ ಹೊಲಿಗೆ. ಹನ್ನೆರಡು ದಿನ ಅತ್ತಿಗೆ ಆ ಕೋಟು ಹಿಡಿದು ಕೂತರು. ಉದ್ದಣ್ಣನ ಕೋಟಿನ ಎಡ ಭುಜದಲ್ಲಿ ಕಿಡಿ ಬಿದ್ದ ಮೂರು ತೂತಿದ್ದವು. ಅಲ್ಲೇ ಅಳತೆ ಹಿಡಿದು ಅಣ್ಣನ ಕೋಟಿಗೆ ಕೆಂಡದ ಚೂರು ಸೋಕಿಸಿದರು. ಆಮೇಲೆ ಸುಟ್ಟ ಕೋಟಿನಲ್ಲಿ ಉಳಿದಿದ್ದ ಗಟ್ಟಿ ಎಳೆಗಳನ್ನು ಬಿಚ್ಚಿ ತೆಗೆದು, ಅದರಿಂದಲೇ ಆ ತೂತುಗಳಿಗೆ ರಫೂ ಹಾಕಿದರು. ನನ್ನ ಕಡೆ ತಿರುಗಿ, ಉದ್ದಣ್ಣನದೂ ಸ್ವಲ್ಪ ಇರಲಿ, ಇವರದೂ ಇರಲಿ ಎಂದರು. ಒಂದಕ್ಕೆ ಮಾತ್ರ ಉಪಾಯವಿರಲಿಲ್ಲ. ಅಣ್ಣ ಸಾಧಾರಣ ಎತ್ತರದವನು. ತೋಳಿನ ಮಡಿಕೆ ಬಿಚ್ಚಿ ಎರಡು ಬೆರಳು ಉದ್ದ ಮಾಡಿದರೂ ಇನ್ನೆರಡು ಬೆರಳು ಗಿಡ್ಡವೇ.

ಆ ವರ್ಷ ಕೋಟು ತೊಡಿಸುವ ದಿನ ನಾವಿಬ್ಬರೂ ಸಂಘದ ಬಾಗಿಲ ಹೊರಗೆ, ನಮಗೆ ಬಿಟ್ಟಿದ್ದ ಜಾಗದಲ್ಲಿ, ಗೋಡೆಗೆ ಆತು ನಿಂತಿದ್ದೆವು. ತೊಡಿಸುತ್ತಿದ್ದವರು ಮೇಸ್ತ್ರಿ. ಮುಷ್ಕರದ ಮುಂದಾಳು, ಅಣ್ಣನನ್ನು ಗೇಟಿನಲ್ಲಿ ಕಾಲರ್ ಹಿಡಿದು ನಿಲ್ಲಿಸಿದ ಮನುಷ್ಯ. ಮೊದಲ ಹುಡುಗನಿಗೆ ತೊಡಿಸಿದಾಗ ತೋಳು ಮಣಿಕಟ್ಟಿಗಿಂತ ಮೇಲೇ ನಿಂತಿತು. ಹಿಂದಿನಿಂದ ಯಾವನೋ, ಉದ್ದಣ್ಣ ಅಂತೀರಿ, ಕೋಟು ನೋಡಿದ್ರೆ ಗಿಡ್ಡಣ್ಣನದು ಎಂದ. ಮೇಸ್ತ್ರಿ ತೋಳನ್ನು ಒಮ್ಮೆ ತಡವಿ, ಮುಖ ಎತ್ತದೆ, ಬೆಂಕಿ ಕಂಡ ಬಟ್ಟೆ, ಕುಗ್ಗಿದೆ ಎಂದರು. ಅಲ್ಲಿದ್ದವರೆಲ್ಲ ಹುಟ್ಟಿನಿಂದ ಬಟ್ಟೆಯ ಜೊತೆ ಬಾಳಿದವರು. ಬೆಂಕಿ ಬಿದ್ದು ಹತ್ತು ವರ್ಷವಾದ ಮೇಲೆ ಬಟ್ಟೆ ಕುಗ್ಗುವುದಿಲ್ಲವೆಂದು ಅಲ್ಲಿನ ಕೂಸಿಗೂ ಗೊತ್ತು. ಆದರೂ ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಮಾರನೆಯ ವರ್ಷ ಅದೂ ಕಥೆಯೊಳಗೆ ಸೇರಿತು, ಎಂಥಾ ಬೆಂಕಿ ಅಂತೀರಿ, ಕೋಟೇ ಕುಗ್ಗಿಹೋಯ್ತು ಎಂದು.

ಮೊದಮೊದಲು ನನಗೆ ಒಳಗೊಳಗೇ ಖುಷಿ. ನಮ್ಮಣ್ಣನಿಗೆ ಹೆಗಲು ಕೊಡದವರು ಈಗ ಅವನ ಕೋಟಿಗೇ ಹೆಗಲು ಕೊಡುತ್ತಿದ್ದಾರೆ, ಚೆನ್ನಾಗಿ ಆಯಿತು ಎಂದು. ಅತ್ತಿಗೆಗೆ ಅಂಥ ಖುಷಿ ಇರಲಿಲ್ಲ. ಅವರಿಗೆ ಹೆದರಿಕೆ. ಇಷ್ಟು ಜನ ಸುಳ್ಳು ಕೋಟು ತೊಟ್ಟು ಮಾತು ಕೊಡುತ್ತಿದ್ದಾರಲ್ಲ, ಆ ಮಾತು ನಿಲ್ಲುತ್ತದೆಯೇ ಎಂದು.

ಕೋಟು ಬದಲಾದ ಎಂಟನೆಯ ವರ್ಷ ಬಣ್ಣದ ವಿಭಾಗದಲ್ಲಿ ಹಬೆಯ ಕೊಳವೆ ಒಡೆಯಿತು. ಅಲ್ಲಿ ಮೇಲಿನ ಓಣಿಯ ಒಬ್ಬ, ಕೆಳಗಿನ ಓಣಿಯ ಒಬ್ಬ, ಐದಾರು ವರ್ಷದಿಂದ ಮಾತು ಬಿಟ್ಟವರು. ಕಾರಣ ಅದೇ ನಲ್ಲಿಯ ಜಗಳ. ಹಬೆ ನುಗ್ಗಿದಾಗ ಮೇಲಿನವನು ಬಾಗಿಲವರೆಗೆ ಓಡಿಬಂದವನು ವಾಪಸು ಹೋಗಿ ಕೆಳಗಿನವನನ್ನು ಎಳೆದುತಂದ. ಕೆಳಗಿನವನ ಒಂದು ಕೈ ಬೆಂದುಹೋಯಿತು, ಜೀವ ಉಳಿಯಿತು. ಯಾಕೆ ಹೋದೆಯೋ ಎಂದು ಕೇಳಿದ್ದಕ್ಕೆ, ಕೋಟು ಹಾಕ್ಕೊಂಡು ಹೇಳಿದ್ದೆನಲ್ಲ ಎಂದನಂತೆ. ಅವನು ತೊಟ್ಟದ್ದು ಅಣ್ಣನ ಕೋಟು. ಸುದ್ದಿ ಕೇಳಿ ಅತ್ತಿಗೆ ಸೂಜಿ ಕೆಳಗಿಟ್ಟು ಅತ್ತರು. ಅಣ್ಣ ಸತ್ತಾಗಲೂ ಅವರು ಹಾಗೆ ಅತ್ತಿರಲಿಲ್ಲ. ಆ ಮೇಲೆ ಎರಡು ಓಣಿಯವರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದರು. ಜಗಳ ನಿಂತಿತು ಎಂದು ಹೇಳುವುದಿಲ್ಲ, ಆದರೆ ತಲೆ ಒಡೆಯುವುದು ನಿಂತಿತು.

ಹೀಗೆ ಹದಿನೇಳು ವರ್ಷ. ಕೂಸು ಇಪ್ಪತ್ತೊಂದರ ಹುಡುಗಿಯಾಗಿ ನೂಲು ಸುತ್ತುವ ವಿಭಾಗಕ್ಕೆ ಸೇರಿದಳು. ಅಣ್ಣನದೇ ಅಗಲ ಭುಜ, ಅಣ್ಣನದೇ ಹಟ. ಕೋಟಿನ ಗುಟ್ಟು ಅವಳಿಗೆ ನಾವು ಹೇಳಿರಲಿಲ್ಲ. ಗುಟ್ಟು ಎರಡು ಬಾಯಲ್ಲಿದ್ದರೇ ಹೆಚ್ಚು, ಅದರಲ್ಲೂ ಒಂದು ನನ್ನದು. ಆ ವರ್ಷದ ಹೊಸಬರ ಪಟ್ಟಿಯಲ್ಲಿ ಅವಳ ಹೆಸರು ಹಾಕಲು ಸಂಘದ ಕಾರ್ಯದರ್ಶಿ ಒಪ್ಪಲಿಲ್ಲ. ಮುಷ್ಕರದ ವರ್ಷ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನು ಇವನು. ಕಣ್ಣಾರೆ ಕಂಡ ಹಳಬರಾದರೂ ಒಂದಿಷ್ಟು ಮೆತ್ತಗಾಗಿದ್ದರು. ಕೇಳಿ ತಿಳಿದ ಇವನಿಗೆ ಮಾತ್ರ ಎಲ್ಲ ನೆನಪು. ಆ ಮನೆಯವರಿಗೆ ಕೋಟಿಲ್ಲ ಎಂದುಬಿಟ್ಟ.

ಉಳಿದ ಹೊಸಬರಿಗೆ ಪಟ್ಟಿಯಲ್ಲಿ ಹೆಸರು ಬಿದ್ದ ದಿನವೇ ಜೋಡಿ ಸಿಕ್ಕಿತು; ಕೋಟಿಲ್ಲ ಎನಿಸಿಕೊಂಡವಳಿಗೆ ಜೋಡಿಯಿಲ್ಲ. ಎಂಟು ತಿಂಗಳು ಅವಳು ಆ ಉದ್ದ ಸಾಲಿನ ಕೊನೆಯ ಯಂತ್ರದಲ್ಲಿ ಒಬ್ಬಳೇ ನಿಂತಳು. ಜೋಡಿ ಎಂದರೆ ಬರಿಯ ಹರಟೆಗಲ್ಲ. ಒಬ್ಬರ ಬಟ್ಟೆಯೋ ಕೈಯೋ ಸಿಕ್ಕಿದರೆ ಇನ್ನೊಬ್ಬರು ಓಡಿಹೋಗಿ ಯಂತ್ರ ನಿಲ್ಲಿಸಬೇಕು. ನಿಲ್ಲಿಸುವ ಗುಂಡಿ ಸಾಲಿನ ಆ ತುದಿಯಲ್ಲಿ. ಕೋಟು ತೊಡಿಸುವ ದಿನಕ್ಕೆ ಹನ್ನೆರಡು ದಿನವಿರುವಾಗ ಅವಳ ತೋಳಿನ ತುದಿ ಚಕ್ರಕ್ಕೆ ಸಿಕ್ಕಿತು. ಕೂಗಿದಳಂತೆ. ಯಾರಿಗೂ ಕೇಳಿಸಲಿಲ್ಲವೋ, ಕೇಳಿಸಿಯೂ ಕಾಲು ಏಳಲಿಲ್ಲವೋ, ಅದು ಅವರವರ ಮನಸ್ಸಿಗೇ ಗೊತ್ತು. ತೋಳು ಹರಿದುಕೊಂಡು ತಾನೇ ಬಿಡಿಸಿಕೊಂಡಳು. ಎಡಗೈಯ ಕಿರುಬೆರಳು ಹೋಯಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಕೈಯೇ ಹೋಗುತ್ತಿತ್ತು, ಅಥವಾ ಅವಳೇ.

ನಾನು ಇಸ್ತ್ರಿ ಬಿಟ್ಟು ನೇರ ಕಾರ್ಯದರ್ಶಿಯ ಮೇಜಿಗೆ ಹೋದೆ. ಏನೇನು ಬೈದೆ ಎಂದು ಇಲ್ಲಿ ಬರೆದರೆ ಕಾಗದ ಸುಟ್ಟುಹೋದೀತು. ಅವನು ತಣ್ಣಗೆ ಕೇಳಿಸಿಕೊಂಡು, ಒಂದು ದಾರಿ ಇದೆ ಅಕ್ಕ, ಅವಳು ಎಲ್ಲರ ಮುಂದೆ ನಿಂತು ನಮ್ಮಪ್ಪ ಮಾಡಿದ್ದು ತಪ್ಪು ಅಂತ ಹೇಳಲಿ, ತೊಡಿಸೋಣ ಎಂದ. ಮನೆಗೆ ಬಂದು ಹೇಳಿದೆ. ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಹುಡುಗಿ ಎದ್ದು ಕೂತು, ಸತ್ತರೂ ಹೇಳಲ್ಲ ಅತ್ತೆ ಎಂದಳು. ಕೆಲಸ ಬಿಡು ಎಂದೆ. ಅದನ್ನೂ ಬಿಡಲ್ಲ, ಅಪ್ಪ ನಾಲ್ಕು ವರ್ಷ ಹೋಗಲಿಲ್ವಾ ಎಂದಳು.

ಅಂದು ನಾನು ಅತ್ತಿಗೆಯ ಮೇಲೆ ಮೊದಲ ಸಲ ರೇಗಿದೆ. ನಿಜ ಹೇಳಿಬಿಡಿ ಎಂದೆ. ಅವಳಪ್ಪನ ಕೋಟನ್ನೇ ಅವಳಿಗೆ ಇಲ್ಲ ಅಂತಿದ್ದಾರೆ, ಇನ್ನೂ ಯಾರ ಮರ್ಯಾದೆ ಕಾಯ್ತಾ ಕೂತಿದ್ದೀರಿ ಎಂದೆ. ಅವರು ಭಾನುವಾರ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಮೇಸ್ತ್ರಿಯ ಮನೆಗೆ ಹೊರಟರು.

ಮೇಸ್ತ್ರಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಕೋಟು ತೊಡಿಸುವುದಕ್ಕೆ ಮಾತ್ರ ವರ್ಷಕ್ಕೊಮ್ಮೆ ಬರುತ್ತಿದ್ದರು. ಒಬ್ಬರೇ ಇದ್ದರು, ಬಾಗಿಲು ತೆರೆದವರು ನಮ್ಮನ್ನು ನೋಡಿ ಒಳಗೆ ಬನ್ನಿ ಎಂದರು. ನಮ್ಮನ್ನು ಮಂಚದ ಮೇಲೆ ಕೂರಿಸಿ ತಾವು ಸ್ಟೂಲಿನ ಮೇಲೆ ಕೂತರು. ಅತ್ತಿಗೆ ಸುತ್ತುಬಳಸಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಇಸ್ತ್ರಿ, ಟ್ರಂಕು, ಕೆಂಡ, ಎಲ್ಲ. ಸುಟ್ಟದ್ದು ನಾನು ಎಂಬುದನ್ನು ಮಾತ್ರ ಬಿಟ್ಟು, ಸುಟ್ಟು ಹೋಯ್ತು ಎಂದರು. ನಾನು ಮಧ್ಯೆ ಬಾಯಿ ಹಾಕಿ, ಸುಟ್ಟದ್ದು ನಾನು ಎಂದೆ.

ಮೇಸ್ತ್ರಿ ನೆಲ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ನನಗೆ ಮೊದಲ ವರ್ಷವೇ ಗೊತ್ತಾಯ್ತಮ್ಮ. ಆ ಕಾಲರ್‌ನ ನಾನು ಹಿಡಿದಿದ್ದೆ. ಗೇಟಿನ ಹತ್ತಿರ. ಎಡಗಡೆ ತುದಿ ನನ್ನ ಕೈಯಲ್ಲಿ ಹರಿದಿತ್ತು, ನೀವು ರಫೂ ಹಾಕಿದ್ರಿ. ಯಾರಿಗೂ ಕಾಣಲ್ಲ. ನನ್ನ ಬೆರಳಿಗೆ ಸಿಕ್ಕಿತು."

ಅತ್ತಿಗೆ, ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಏನಂತ ಹೇಳಲಿ. ಮಗು ನೀಲಿಯಾಗ್ತಿದೆ, ಬಿಡಿ ಮೇಸ್ತ್ರಿ ಅಂದ. ನನಗೆ ಕೇಳಿಸಿತ್ತು. ಕೇಳಿಸಿಯೂ ದ್ರೋಹಿ ಅಂದೆ. ಆಮೇಲೆ ವರ್ಷ ವರ್ಷ ಅವನ ಕೋಟನ್ನ ನಾನೇ ಕೈಯಾರೆ ಎಲ್ಲರಿಗೂ ತೊಡಿಸಿದೆ. ಅದು ತಪ್ಪೊಪ್ಪಿಗೆ ಅಂತ ನನಗೆ ನಾನೇ ಹೇಳ್ಕೊಂಡೆ. ಅದಕ್ಕಿಂತ ಹೆಚ್ಚಿಗೆ ಧೈರ್ಯ ಬರಲಿಲ್ಲ."

ನನಗೆ ಆ ಮುದುಕನ ಮೇಲೆ ಕೋಪ ಬರಬೇಕಿತ್ತು, ಬಂತು ಕೂಡ. ಹದಿನೇಳು ವರ್ಷ ಮಾಡಿದ ಆ ಕಳ್ಳ ನಮಸ್ಕಾರದಿಂದ ನಮ್ಮ ಮನೆಗೇನು ಬಂತು ಎಂದು ಕೇಳಿಯೂ ಬಿಟ್ಟೆ. ಏನೂ ಇಲ್ಲ ಎಂದು ಒಪ್ಪಿಕೊಂಡರು. ಪಟ್ಟಿ ಬರೆಯುವುದು ಈಗ ತಮ್ಮ ಕೈಯಲ್ಲಿಲ್ಲ, ಆದರೆ ನೀವು ಎದ್ದು ನಿಜ ಹೇಳಿದರೆ ನಾನು ಸುಳ್ಳು ಎನ್ನುವುದಿಲ್ಲ, ಹೌದು ಎನ್ನುತ್ತೇನೆ ಎಂದು ಅತ್ತಿಗೆಗೆ ಮಾತು ಕೊಟ್ಟರು. ಅದರ ಮರುದಿನ ಜನ ಏನು ಮಾಡುತ್ತಾರೋ, ಕೊಟ್ಟ ಮಾತುಗಳೆಲ್ಲ ಏನಾಗುತ್ತವೋ ತಮಗೆ ತಿಳಿಯದು ಎಂದೂ ಹೇಳಿದರು. ಹಿಂದಿರುಗುವ ದಾರಿಯಲ್ಲೇ ನನಗೆ ಖಾತ್ರಿಯಾಗಿತ್ತು. ಇನ್ನು ಮುಗಿಯಿತು, ಹೇಳಿಯೇ ಹೇಳುತ್ತಾರೆ. ಅಣ್ಣನ ಹೆಸರು ಆ ಕೊಠಡಿಯಲ್ಲಿ ಒಮ್ಮೆಯಾದರೂ ಗಟ್ಟಿಯಾಗಿ ಕೇಳುತ್ತದೆ.

ಆ ಬೆಳಿಗ್ಗೆ ಹೊಸಬರು ಒಂಬತ್ತು ಜನ. ನಾವು ಮೂವರೂ, ಕೈಗೆ ಪಟ್ಟಿ ಕಟ್ಟಿದ್ದ ಹುಡುಗಿಯೂ ಸೇರಿ, ಬಾಗಿಲ ಹೊರಗೆ ನಿಂತಿದ್ದೆವು. ಕೊಠಡಿ ಕಿಕ್ಕಿರಿದಿತ್ತು, ಬೆಂಚುಗಳನ್ನು ಗೋಡೆಗೆ ಒತ್ತಿದ್ದರು, ಕಿಟಕಿ ಕಟ್ಟೆಯ ಮೇಲೂ ಜನ. ಮೇಸ್ತ್ರಿ ಒಬ್ಬೊಬ್ಬರಿಗೇ ತೊಡಿಸಿ ಬಿಚ್ಚಿಸಿದರು. ಒಂಬತ್ತನೆಯವನದೂ ಆಯಿತು. ಕಾರ್ಯದರ್ಶಿ ಪಟ್ಟಿ ಮಡಿಸಿ ಜೇಬಿಗಿಟ್ಟು, ಕೂಗಲು ಕೈ ಎತ್ತಿದ. ಆಗ ಅತ್ತಿಗೆ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದರು.

ಇಪ್ಪತ್ತೊಂದು ವರ್ಷದಲ್ಲಿ ನಮ್ಮ ಮನೆಯ ಕಾಲು ಆ ನೆಲದ ಮೇಲೆ ಬಿದ್ದಿರಲಿಲ್ಲ. ಜನ ತಾವಾಗಿಯೇ ಸರಿದು ದಾರಿ ಬಿಟ್ಟರು. ಅತ್ತಿಗೆ ನೇರ ಹೋಗಿ ಮೇಸ್ತ್ರಿಯ ಮುಂದೆ ಕೈ ಚಾಚಿದರು. ಮೇಸ್ತ್ರಿ ಕೋಟನ್ನು ಕೊಟ್ಟು ಒಂದು ಹೆಜ್ಜೆ ಹಿಂದೆ ನಿಂತರು. ಏನು ಬರಲಿದೆ ಎಂದು ಗೊತ್ತಿದ್ದವರು ಅಲ್ಲಿ ಅತ್ತಿಗೆ, ಮೇಸ್ತ್ರಿ, ನಾನು, ಮೂವರೇ. ಹೇಳಲಿ ದೇವರೇ, ಹೇಳಲಿ ಎಂದು ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅತ್ತಿಗೆ ಕೋಟನ್ನು ಎದೆಯ ಹತ್ತಿರ ಹಿಡಿದು ಜನರ ಕಡೆ ತಿರುಗಿದರು. ಹಬೆಯಲ್ಲಿ ಕೈ ಬೆಂದವನು ಅಲ್ಲಿದ್ದ, ಅವನನ್ನು ಎಳೆದುತಂದವನು ಅವನ ಪಕ್ಕದಲ್ಲೇ ಇದ್ದ. ಎಷ್ಟೋ ವರ್ಷ ಇವರ ರಫೂ ತೊಟ್ಟವರು ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಅವರನ್ನೆಲ್ಲ ಅತ್ತಿಗೆ ಒಂದು ಸುತ್ತು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಕೇಳಿತು, ಅಷ್ಟೇನೂ ಗಟ್ಟಿಯಲ್ಲದ ಆ ದನಿ.

"ಇದನ್ನ ಹಾಕ್ಕೊಂಡು ನೀವೆಲ್ಲ ಒಂದು ಮಾತು ಕೊಟ್ಟಿದ್ದೀರಿ. ಒಬ್ಬರನ್ನೂ ಒಳಗೆ ಬಿಟ್ಟು ಬರಲ್ಲ ಅಂತ. ನನ್ನ ಮಗಳು ಎಂಟು ತಿಂಗಳಿಂದ ಒಳಗೆ ಒಬ್ಬಳೇ ಇದ್ದಾಳೆ. ಅವತ್ತು ಕೂಗಿದಳು, ಯಾರೂ ಬರಲಿಲ್ಲ. ಉದ್ದಣ್ಣ ಇದ್ದಿದ್ರೆ, ನೀನು ಯಾರ ಮಗಳು ಅಂತ ಕೇಳಿ ಆಮೇಲೆ ಒಳಗೆ ಹೋಗ್ತಿದ್ನಾ?"

ಅಷ್ಟೇ. ನಾನು ಕಾಯುತ್ತಿದ್ದದ್ದು ಬರಲೇ ಇಲ್ಲ. ಕಾರ್ಯದರ್ಶಿ ಏನೋ ಹೇಳಲು ಹೊರಟು, ಮುಷ್ಕರ ಎಂಬ ಪದದ ಹತ್ತಿರ ತಡವರಿಸಿ ನಿಂತ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಕೈ ಬೆಂದವನು ಗುಂಪಿನಿಂದ ಹೊರಬಂದ. ಪಕ್ಕದವನ ಕಡೆ ಬೆರಳು ಮಾಡಿ, ಇವನು ನನ್ನನ್ನ ಏನೂ ಕೇಳಲಿಲ್ಲ, ಎಳೆದು ತಂದ ಎಂದು ಎಲ್ಲರಿಗೂ ಹೇಳಿ, ಬಾಗಿಲಿಗೆ ಬಂದು ನಮ್ಮ ಹುಡುಗಿಯ ಪಕ್ಕದಲ್ಲಿ ನಿಂತ. ಆಮೇಲೆ ನೂಲು ಸುತ್ತುವ ವಿಭಾಗದ ಒಬ್ಬಾಕೆ ಬಂದಳು. ಅವಳ ಯಂತ್ರ ನಮ್ಮ ಹುಡುಗಿಯ ಯಂತ್ರಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಬಂದವಳು ಅಳುತ್ತಿದ್ದಳು. ನನಗೆ ಕೇಳಿಸಿತ್ತು, ಕೇಳಿಸಿತ್ತು ಎಂದು ಎರಡು ಸಲ ಹೇಳಿ ಹುಡುಗಿಯ ಆ ಕೈಯನ್ನೇ ಹಿಡಿದುಕೊಂಡು ಒಳಗೆ ಕರೆದೊಯ್ದಳು.

ಮೇಸ್ತ್ರಿ ಅತ್ತಿಗೆಯ ಕೈಯಿಂದ ಕೋಟು ತೆಗೆದುಕೊಂಡು ಹುಡುಗಿಗೆ ತೊಡಿಸಿದರು. ಪಟ್ಟಿ ಕಟ್ಟಿದ ಕೈ ತೋಳಿನೊಳಗೆ ಇಳಿಯಲು ಹೊತ್ತು ಹಿಡಿಯಿತು. ಅಣ್ಣನ ಭುಜದ ಮೇಲೆ ಕೂರುತ್ತಿದ್ದ ಹಾಗೆಯೇ ಕೋಟು ಅವಳ ಭುಜದ ಮೇಲೆ ಕೂತಿತು. ಅವಳು ಮಾತು ಕೊಟ್ಟಳು. ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ. ಇಡೀ ಕೊಠಡಿ ಉದ್ದಣ್ಣ ಎಂದು ಕೂಗಿತು. ಕೋಟು ತೊಟ್ಟ ಮಗಳನ್ನೇ ನೋಡುತ್ತ ಅತ್ತಿಗೆಯೂ ಕೂಗಿದರು. ಹೊರಗೆ ನಿಂತು ಇಷ್ಟು ವರ್ಷ ಒಮ್ಮೆಯೂ ಕೂಗದವರು, ಅಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. ಅವರ ಕೆನ್ನೆ ಒದ್ದೆಯಾಗಿತ್ತು.

ಅಂದು ಕೂಗು ಒಂದೇ ಸಲಕ್ಕೆ ನಿಲ್ಲಲಿಲ್ಲ. ಎರಡನೆಯ ಸಲ ಕೂಗುವಾಗ ಅಣ್ಣನ ಹೆಸರು ಕೂಗಿಬಿಡುತ್ತೇನೆ ಎಂದು ನಾನು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಆ ಗದ್ದಲದಲ್ಲಿ ತಿರುಗಿ ನನ್ನನ್ನು ನೋಡಿದರು, ಬೇಡ ಎನ್ನಲಿಲ್ಲ, ಸುಮ್ಮನೆ ನೋಡಿದರು. ನಾನೂ ಉದ್ದಣ್ಣ ಎಂದೇ ಕೂಗಿದೆ.